ತಿಂಗಳಿಗೊಂದು ಆರೋಗ್ಯ ದಿನ: ಮನಸ್ಸು ಮತ್ತು ಮಿದುಳಿನ ವಿಷಯದಲ್ಲಿ ಇದರಿಂದ ಪ್ರಯೋಜನವಿದೆಯೇ?

ಪ್ರಶ್ನೆ

ನಮ್ಮ ಕಚೇರಿಯಲ್ಲಿ ತಿಂಗಳಿಗೊಂದು ಆರೋಗ್ಯ ವಿಷಯವನ್ನು ಆರಿಸಿ ಸೂಚನಾ ಫಲಕದಲ್ಲಿ ಮಾಹಿತಿ ಹಾಕುವ ಹೊಣೆಯನ್ನು ಎರಡು ವರ್ಷಗಳಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಹೃದಯ, ಮಧುಮೇಹ, ಕಣ್ಣುಗಳ ಬಗ್ಗೆ ಬರೆದಾಗ ಜನರು ನಿಂತು ಓದುತ್ತಾರೆ, ನನ್ನನ್ನು ಹುಡುಕಿಕೊಂಡು ಬಂದು ಪ್ರಶ್ನೆಗಳನ್ನೂ ಕೇಳುತ್ತಾರೆ. ಆದರೆ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆಂದು ಹಾಕಿದ ಫಲಕದ ಮುಂದೆ ಎರಡು ವರ್ಷವೂ ಯಾರೊಬ್ಬರೂ ನಿಂತದ್ದನ್ನು ಕಾಣಲಿಲ್ಲ. ಹೀಗಿರುವಾಗ ಈ ವಿಷಯವನ್ನು ಇಂತಹ ದಿನಗಳ ನೆಪದಲ್ಲಿ ಹೇಳುವುದರಿಂದ ಉಪಯೋಗವಿದೆಯೇ? ಮನಸ್ಸಿಗೆ ಒಂದು ತಿಂಗಳು, ಮಿದುಳಿಗೆ ಒಂದು ತಿಂಗಳು ಎಂದು ಬೇರೆಬೇರೆಯಾಗಿ ಇಡಬೇಕೇ, ಒಟ್ಟಿಗೆ ಹೇಳಬೇಕೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1

ಉಪಯೋಗ ಖಂಡಿತ ಇದೆ. ಯಾರೂ ನಿಲ್ಲಲಿಲ್ಲವೆಂದರೆ ಯಾರಿಗೂ ಆಸಕ್ತಿಯಿಲ್ಲವೆಂದು ಭಾವಿಸಬೇಡಿ. ಖಿನ್ನತೆಯ ಬಗ್ಗೆ ಎಲ್ಲರೆದುರು ನಿಂತು ಓದಿದರೆ ನೋಡಿದವರು ಏನೆಂದುಕೊಂಡಾರು ಎಂಬ ಅಳುಕು ಯಾರಿಗಿದೆಯೋ, ಎಷ್ಟೋ ಸಲ ಓದುವ ಅಗತ್ಯವೂ ಅವರಿಗೇ ಇರುತ್ತದೆ. ನಾನು ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿ. ನಾವು ಫಲಕವನ್ನು ಕೈಬಿಟ್ಟು, ಅಂಗೈಯಗಲದ ಚೀಟಿಯೊಂದನ್ನು ಕೇಳಿದವರಿಗೂ ಕೇಳದವರಿಗೂ ಸಮನಾಗಿ ಹಂಚತೊಡಗಿದ ಮೇಲೆ ನನ್ನ ಕೋಣೆಯ ಬಾಗಿಲು ತಟ್ಟುವವರು ಹೆಚ್ಚಾದರು. ಎಲ್ಲರ ಕೈಯಲ್ಲೂ ಇರುವ ಚೀಟಿ ಯಾರ ಗುಟ್ಟನ್ನೂ ಹೊರಹಾಕುವುದಿಲ್ಲ.

ಆ ಚೀಟಿಯಲ್ಲಿ ಏನು ಬರೆಯುತ್ತೇವೆ ಎಂಬುದೂ ಮುಖ್ಯ. "ಮನಸ್ಸಿನ ಆರೋಗ್ಯ ಕಾಪಾಡಿಕೊಳ್ಳಿ" ಎಂಬ ಸಾಲಿನಿಂದ ಓದುಗರಿಗೆ ಮುಂದೇನು ಮಾಡಬೇಕೆಂದು ತಿಳಿಯದು. ಬೇಸರವೋ ನಿರಾಸಕ್ತಿಯೋ ದಿನದ ಬಹುಪಾಲು ಹೊತ್ತು, ಹೆಚ್ಚುಕಡಿಮೆ ಪ್ರತಿದಿನವೂ, ಎರಡು ವಾರಗಳವರೆಗೆ ಬಿಡದೆ ಕಾಡಿ, ನಿದ್ರೆ, ಹಸಿವು, ಕೆಲಸ ಏರುಪೇರಾಗಿದ್ದರೆ ವೈದ್ಯರನ್ನು ಕಾಣಬೇಕು ಎಂದು ಬರೆಯಿರಿ. ಸೆಪ್ಟೆಂಬರ್ 10 ವಿಶ್ವ ಆತ್ಮಹತ್ಯೆ ತಡೆ ದಿನ. ಅಂದು ನಾನು ಒಂದೇ ವಿಷಯ ಹೇಳುತ್ತೇನೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಆಪ್ತರು ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟಿಕೊಳ್ಳುವುದಿಲ್ಲ, ಒಳಗೇ ಬೇಯುತ್ತಿದ್ದವರಿಗೆ ಬಾಯಿಬಿಡಲು ಅದೊಂದು ದಾರಿಯಾಗುತ್ತದೆ.

ಉತ್ತರ 2

ನಾನು ನರರೋಗ ವಿಭಾಗದಲ್ಲಿ ದಾದಿಯಾಗಿದ್ದೇನೆ. ಮನಸ್ಸು ಮತ್ತು ಮಿದುಳುಗಳನ್ನು ಒಟ್ಟಿಗೇ ಹೇಳಿ ಎಂಬುದು ನನ್ನ ಅಭಿಪ್ರಾಯ. ಪಾರ್ಶ್ವವಾಯುವಿಗೆ ತುತ್ತಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಮನೆಯವರು ಅದನ್ನು ಸೋಮಾರಿತನವೆಂದು ತಿಳಿದು ಗದರುವುದನ್ನು ಕಂಡು ನಾನು ಬಹಳ ನೊಂದಿದ್ದೇನೆ. ಮರೆಗುಳಿತನವನ್ನು, ಅಂದರೆ ಡಿಮೆನ್ಷಿಯಾವನ್ನು, ಕುರಿತ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ ಗುರುತಿಸಿದ, ನಾವು ತಿದ್ದಿಕೊಳ್ಳಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ರಕ್ತದೊತ್ತಡ, ಕಿವುಡುತನಗಳ ಜೊತೆಗೆ ಖಿನ್ನತೆ ಮತ್ತು ಒಂಟಿತನದ ಬದುಕೂ ಸೇರಿವೆ. ಜುಲೈ 22ರ ವಿಶ್ವ ಮಿದುಳು ದಿನಕ್ಕೆ ಇಷ್ಟನ್ನು ಹೇಳಿದರೂ ಸಾಕು. ನಿಮ್ಮ ಫಲಕದ ಮುಂದೆ ಅಳುಕದೆ ನಿಲ್ಲಲು ಜನರಿಗೆ ರಕ್ತದೊತ್ತಡವೇ ಒಂದು ನೆಪವಾಗಬಹುದು.

ಅಕ್ಟೋಬರ್ 29ರ ವಿಶ್ವ ಪಾರ್ಶ್ವವಾಯು ದಿನವನ್ನು ಮಾತ್ರ ಬಿಡಬೇಡಿ. ಮುಖ ಒಂದು ಬದಿಗೆ ಜೋಲುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಕಂಡ ಕೂಡಲೇ ಗಡಿಯಾರ ನೋಡಿ ಸಮಯ ಗುರುತಿಟ್ಟುಕೊಂಡು ಆಸ್ಪತ್ರೆಗೆ ಹೊರಡಬೇಕು, ಏಕೆಂದರೆ ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕಾಗುತ್ತದೆ.

ಉತ್ತರ 3

ನನ್ನ ತಾಯಿಯವರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾಗ ವಯಸ್ಸಾಯಿತೆಂದು ನಾವೆಲ್ಲರೂ ಸುಮ್ಮನಿದ್ದೆವು. ಒಂದು ಸೆಪ್ಟೆಂಬರ್ 21ರಂದು, ವಿಶ್ವ ಆಲ್ಝೈಮರ್ ದಿನದ ನಿಮಿತ್ತ ಗ್ರಂಥಾಲಯದಲ್ಲಿ ಅಂಟಿಸಿದ್ದ ಕಾಗದದಲ್ಲಿ, ಮರೆವಿಗೆ ಥೈರಾಯ್ಡ್ ತೊಂದರೆ ಅಥವಾ ಬಿ12 ಜೀವಸತ್ವದ ಕೊರತೆಯೂ ಕಾರಣವಾಗಬಹುದು, ಪರೀಕ್ಷಿಸಿಕೊಳ್ಳಿ ಎಂಬ ಸಾಲನ್ನು ಓದಿದೆ. ಅಮ್ಮನಿಗೆ ಇದ್ದದ್ದು ಬಿ12 ಕೊರತೆ. ಚುಚ್ಚುಮದ್ದು ಶುರುವಾಗಿ ಕೆಲವು ತಿಂಗಳಲ್ಲಿ ಅವರು ಮನೆಯ ಲೆಕ್ಕವನ್ನು ಮತ್ತೆ ತಾವೇ ಬರೆಯತೊಡಗಿದರು. ಆ ಕಾಗದವನ್ನು ಅಂಟಿಸಿದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ, ಅದನ್ನು ನಾನು ಓದಿದೆನೆಂದು ಅವರಿಗೂ ಗೊತ್ತಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಜುಲೈ ತಿಂಗಳಿಗೆ ರಕ್ತದೊತ್ತಡ ಮತ್ತು ಖಿನ್ನತೆಗಳನ್ನು ಒಂದೇ ಚೀಟಿಯಲ್ಲಿ ಬರೆದು, ಸಂಬಳದ ಚೀಟಿಯ ಜೊತೆಯಲ್ಲಿ ಎಲ್ಲರಿಗೂ ಕೊಡಲು ಅನುಮತಿ ಕೇಳಿದ್ದೇನೆ. ಕರಡನ್ನು ಇಲ್ಲಿ ಹಾಕುತ್ತೇನೆ, ದಾದಿಯವರು ಒಮ್ಮೆ ಓದಿ ತಿದ್ದಿಕೊಟ್ಟರೆ ಉಪಕಾರವಾಗುತ್ತದೆ.