ಕ್ಯಾಲಿಪರ್‌ನ ಕೆಳಗಿನ ಬೋಲ್ಟ್ ಬರ್ತಾ ಇಲ್ಲ, ತಲೆ ಉರುಟಾಗಿದೆ. ಏನು ಮಾಡಲಿ?

ಕುಂದಾಪುರದ ಕಾರಿನವ

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಸಣ್ಣ ಕಾರು, ಜಪಾನ್ ಮೂಲದ ವಿನ್ಯಾಸ. ಮನೆಯಿಂದ ಕಡಲಿಗೆ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಮುಂದಿನ ಬ್ರೇಕ್ ಪ್ಯಾಡ್ ಸವೆದಿತ್ತು, ನಾನೇ ಬದಲಿಸೋಣ ಅಂತ ಭಾನುವಾರ ಬೆಳಿಗ್ಗೆ ಕೂತೆ. ಬಲಗಡೆಯದ್ದು ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಎಡಗಡೆ ಕ್ಯಾಲಿಪರ್‌ನ (ಚಕ್ರದ ಜೊತೆ ತಿರುಗುವ ಡಿಸ್ಕ್‌ಗೆ ಪ್ಯಾಡ್ ಒತ್ತುವ ಭಾಗ) ಕೆಳಗಿನ ಬೋಲ್ಟ್ ಮಾತ್ರ ಅಲುಗಲೇ ಇಲ್ಲ. ಸ್ಪ್ಯಾನರಿಗೆ ಪೈಪ್ ತೂರಿಸಿ ಎಳೆದೆ. ಜಾರಿತು. ಮತ್ತೆ ಎಳೆದೆ. ಈಗ ಆರು ಮೂಲೆಯೂ ಹೋಗಿ ತಲೆ ಉರುಟಾಗಿದೆ. ಬುಧವಾರ ಅಮ್ಮನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಕಾರು ಜಾಕ್ ಮೇಲೆ ನಿಂತಿದೆ. ದಯವಿಟ್ಟು ದಾರಿ ಹೇಳಿ.

ಹುಬ್ಬಳ್ಳಿ ಗ್ಯಾರೇಜ್

ಮೊದಲು ಸ್ಪ್ಯಾನರ್ ಕೆಳಗಿಡಿ. ಇನ್ನೊಂದು ಸಲ ಎಳೆಯುವ ಮುಂಚೆ ನಾಲ್ಕು ವಿಷಯ ಹೇಳಿ.

ಕಾರು ಬರೀ ಜಾಕ್ ಮೇಲಿದೆಯೋ, ಸ್ಟ್ಯಾಂಡ್ ಕೊಟ್ಟಿದ್ದೀರೋ? ಯಾವ ಸ್ಪ್ಯಾನರ್ ಹಾಕಿದಿರಿ? ಯಾವ ದಿಕ್ಕಿಗೆ ತಿರುಗಿಸಿದಿರಿ? ಬೋಲ್ಟ್ ಕಲ್ಲಿನ ಹಾಗೆ ಕೂತಿದೆಯೋ, ಅಥವಾ ಸ್ವಲ್ಪ ತಿರುಗುತ್ತದೆ ಆದರೆ ಹೊರಗೆ ಬರುವುದಿಲ್ಲವೋ?

ಕೊನೆಯ ಪ್ರಶ್ನೆ ಮುಖ್ಯ. ತಿರುಗುತ್ತದೆ ಆದರೆ ಬರುವುದಿಲ್ಲ ಅಂದರೆ ಬೋಲ್ಟಿನ ಜೊತೆ ಒಳಗಿನ ಗೈಡ್ ಪಿನ್ (ಕ್ಯಾಲಿಪರ್ ಆಚೀಚೆ ಸರಿಯಲು ಇರುವ ಕಡ್ಡಿ) ಕೂಡ ಸುತ್ತುತ್ತಿದೆ ಅಂತ ಅರ್ಥ. ಪಿನ್ನನ್ನು ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿದರೆ ಸಾಕು. ಅಲುಗುವುದೇ ಇಲ್ಲ ಅಂದರೆ ತುಕ್ಕು, ಇಲ್ಲವೇ ಹಿಂದೆ ಯಾರೋ ಜಾಸ್ತಿ ಬಿಗಿ ಮಾಡಿದ್ದಾರೆ. ಅದಕ್ಕೆ ಬೇರೆ ಮದ್ದು.

ಕುಂದಾಪುರದ ಕಾರಿನವ

ಸ್ಟ್ಯಾಂಡ್ ಇಲ್ಲ ಅಣ್ಣ, ಕಾರಿನ ಜೊತೆ ಬಂದ ಜಾಕ್ ಮಾತ್ರ. ಮೊದಲು 13ರ ಸ್ಪ್ಯಾನರ್ ಹಾಕಿದೆ, 12 ಸಿಕ್ಕಿರಲಿಲ್ಲ. ಸಡಿಲ ಅನ್ನಿಸಿತು. ಆಮೇಲೆ 12ರ ರಿಂಗ್ ಹಾಕಿದೆ. ಅಷ್ಟರಲ್ಲಿ ಮೂಲೆ ಹೋಗಲು ಶುರುವಾಗಿತ್ತು. ದಿಕ್ಕಿನ ಬಗ್ಗೆ ನೀವು ಕೇಳಿದ ಮೇಲೆ ಹೋಗಿ ನೋಡಿದೆ. ಡಿಸ್ಕ್ ಕಡೆಯಿಂದ ಬಗ್ಗಿ ಎಳೆಯುವಾಗ ಒಂದೆರಡು ಸಲ ತಪ್ಪು ದಿಕ್ಕಿಗೇ ಎಳೆದಿದ್ದೇನೆ. ಬೋಲ್ಟ್ ಅಲುಗುತ್ತಿಲ್ಲ.

ಹುಬ್ಬಳ್ಳಿ ಗ್ಯಾರೇಜ್

ಹಾಗಾದರೆ ಕಥೆ ಗೊತ್ತಾಯಿತು. ಬೇಸರ ಮಾಡಿಕೊಳ್ಳಬೇಡಿ, ಇದು ಬರುತ್ತದೆ.

ಈಗಲೇ ಮಾಡಬೇಕಾದ್ದು ಒಂದಿದೆ. ಬಿಚ್ಚಿಟ್ಟ ಚಕ್ರವನ್ನು ಮಲಗಿಸಿ ಕಾರಿನ ಸಿಲ್ (ಬಾಗಿಲ ಕೆಳಗಿನ ಅಂಚು) ಕೆಳಗೆ ತಳ್ಳಿ. ನಾಳೆ ಎಲ್ಲಿಂದಾದರೂ ಜಾಕ್ ಸ್ಟ್ಯಾಂಡ್ ತನ್ನಿ. ಪೈಪ್ ಹಾಕಿ ಎಳೆಯುವಾಗ ಕಾರು ಜಾಕ್‌ನಿಂದ ಜಾರಿದರೆ ಕೈ ಹೋಗುತ್ತದೆ. ಬೋಲ್ಟಿಗೆ ಆಮೇಲೆ ಬೇಕಾದಷ್ಟು ಸಮಯ ಇದೆ.

ಇನ್ನು ಅಳತೆ. ಜಪಾನಿ ವಿನ್ಯಾಸದ ಕಾರುಗಳಲ್ಲಿ 8 ಮಿಲಿಮೀಟರ್ ದಪ್ಪದ ಬೋಲ್ಟಿಗೆ ಸಾಮಾನ್ಯವಾಗಿ 12ರ ತಲೆ, 10ರ ಬೋಲ್ಟಿಗೆ 14ರ ತಲೆ. ಯುರೋಪಿನ ಕಾರುಗಳಲ್ಲಿ 8ರ ಬೋಲ್ಟಿಗೆ 13 ಬರುತ್ತದೆ. 12ರ ತಲೆಗೆ 13 ಹಾಕಿದರೆ ಸ್ಪ್ಯಾನರ್ ಬರೀ ಮೂಲೆಗಳನ್ನು ಕೆರೆಯುತ್ತದೆ. ಅಂಗಡಿಯಲ್ಲಿ ಸಿಗುವ ರಿಂಗ್ ಸ್ಪ್ಯಾನರ್‌ಗಳಿಗೆ ಹೆಚ್ಚಾಗಿ 12 ಹಲ್ಲು ಇರುತ್ತದೆ. ಅದೂ ಮೂಲೆಯನ್ನೇ ಹಿಡಿಯುತ್ತದೆ. 6 ಮೂಲೆಯ ಸಾಕೆಟ್ ಚಪ್ಪಟೆ ಭಾಗವನ್ನು ಹಿಡಿಯುತ್ತದೆ, ಅದಕ್ಕೇ ಬೇಗ ಜಾರುವುದಿಲ್ಲ.

ಪೈಪಿನ ವಿಷಯ ಜಾಸ್ತಿ ಹೇಳಲೇಬೇಕು. 8ರ ಬೋಲ್ಟನ್ನು ಬಿಗಿ ಮಾಡುವುದು ಸುಮಾರು 25 ನ್ಯೂಟನ್ ಮೀಟರ್‌ಗೆ (ತಿರುಗಿಸುವ ಬಲದ ಅಳತೆ). ಅರ್ಧ ಮೀಟರ್ ಪೈಪಿನ ತುದಿಯಲ್ಲಿ ನೀವು 20 ಕಿಲೋ ಭಾರ ಹಾಕಿದರೆ ಸುಮಾರು 100 ನ್ಯೂಟನ್ ಮೀಟರ್ ಆಗುತ್ತದೆ. ನಾಲ್ಕು ಪಟ್ಟು! ನಿಮ್ಮ ಬೋಲ್ಟಿನ ತಲೆ ಮುರಿಯದೆ ಉಳಿದದ್ದೇ ಪುಣ್ಯ. ಚಕ್ರದ ನಟ್ಟಿಗೆ ಪೈಪ್ ಸರಿ, ಈ ಬೋಲ್ಟಿಗೆ ಬೇಡ.

ಈ ರಾತ್ರಿ ಮಾಡುವುದು ಇಷ್ಟು. ತಂತಿ ಬ್ರಷ್‌ನಿಂದ ಬೋಲ್ಟಿನ ಸುತ್ತ ಉಜ್ಜಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ, ಆದರೆ ಡಿಸ್ಕ್ ಮತ್ತು ಪ್ಯಾಡ್ ಮೇಲೆ ಬಟ್ಟೆ ಮುಚ್ಚಿ. ಒಂದು ಹನಿ ಪ್ಯಾಡಿಗೆ ಬಿದ್ದರೂ ಬ್ರೇಕ್ ಹಿಡಿಯುವುದಿಲ್ಲ. ಹಾಕಿದ ಮೇಲೆ ತಲೆಯ ಮೇಲೆ ಸುತ್ತಿಗೆಯಿಂದ ಹತ್ತು ಹದಿನೈದು ಸಲ ಗಟ್ಟಿಯಾಗಿ ಕುಟ್ಟಿ. ಒಂದು ಗಂಟೆ ಬಿಟ್ಟು ಮತ್ತೆ ಎಣ್ಣೆ, ಮತ್ತೆ ಕುಟ್ಟು. ಮಲಗುವ ಮುಂಚೆ ಇನ್ನೊಂದು ಸಲ.

ಮೈಸೂರು ಹವ್ಯಾಸಿ

ಗ್ಯಾಸ್ ಟಾರ್ಚ್‌ನಿಂದ ಕೆಂಪಗೆ ಕಾಯಿಸಿದರೆ ಎರಡು ನಿಮಿಷದ ಕೆಲಸ ಅಲ್ವಾ? ನನ್ನ ಹಳೆಯ ಕಾರಿನ ಸೈಲೆನ್ಸರ್ ನಟ್ಟುಗಳನ್ನು ಹಾಗೇ ತೆಗೆದಿದ್ದೆ.

ಹುಬ್ಬಳ್ಳಿ ಗ್ಯಾರೇಜ್

ಸೈಲೆನ್ಸರಿಗೆ ಅದೇ ಸರಿ. ನಾನೂ ಅಲ್ಲಿ ಮೊದಲು ಟಾರ್ಚ್‌ಗೇ ಕೈ ಹಾಕುತ್ತೇನೆ. ನಟ್ಟು ಕಾದು ಹಿಗ್ಗುತ್ತದೆ, ತುಕ್ಕಿನ ಹಿಡಿತ ಬಿರಿಯುತ್ತದೆ. ಕಾಯಿಸಬೇಕಾದ್ದು ನಟ್ಟನ್ನು, ಬೋಲ್ಟನ್ನಲ್ಲ. ಅದನ್ನು ಎಷ್ಟೋ ಜನ ಉಲ್ಟಾ ಮಾಡುತ್ತಾರೆ.

ಆದರೆ ಇವರ ಬೋಲ್ಟಿನ ಪಕ್ಕದಲ್ಲೇ ಪಿನ್ನಿನ ರಬ್ಬರ್ ಹೊದಿಕೆ, ಅಂದರೆ ಬೂಟ್ ಇದೆ, ಪ್ಯಾಡ್ ತಳ್ಳುವ ಪಿಸ್ಟನ್ನಿನ ಸೀಲ್ ಇದೆ, ಬ್ರೇಕ್ ಹೋಸ್ ಇದೆ, ಕ್ಯಾಲಿಪರ್ ಒಳಗೆ ಬ್ರೇಕ್ ಆಯಿಲ್ ಇದೆ. ಬೆಂಕಿ ಬೇಡವೇ ಬೇಡ. ಇನ್ನೊಂದು ಮಾತು ಎಲ್ಲರಿಗೂ ಹೇಳುತ್ತೇನೆ. ಕೆಲವು ಬ್ರೇಕ್ ಕ್ಲೀನರ್‌ಗಳಲ್ಲಿ ಕ್ಲೋರಿನ್ ಇರುವ ದ್ರಾವಕ ಇರುತ್ತದೆ. ಅದು ಒದ್ದೆ ಇರುವ ಜಾಗಕ್ಕೆ ಜ್ವಾಲೆ ಹಿಡಿದರೆ ಫಾಸ್ಜೀನ್ ಎಂಬ ವಿಷದ ಗಾಳಿ ಹುಟ್ಟಬಹುದು. ಅದು ಜೀವ ತೆಗೆಯುವಂಥದ್ದು.

ಮಿಶಿಗನ್ ಕನ್ನಡಿಗ

ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಾಗಾಗಿ ಕರಾವಳಿಯ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಅನುಭವದಲ್ಲಿ ಎಣ್ಣೆಗಿಂತ ಪೆಟ್ಟು ದೊಡ್ಡದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ, ಥ್ರೆಡ್‌ನ ಸಂದಿಯಲ್ಲಿ ಆಪು ಹೊಡೆದ ಹಾಗೆ ಕೂರುತ್ತದೆ. ಕುಟ್ಟಿದಾಗ ಅದು ಪುಡಿಯಾಗಿ ಎಣ್ಣೆಗೆ ದಾರಿ ಬಿಡುತ್ತದೆ.

ಎಣ್ಣೆ ಅಂದಾಗ ಎಲ್ಲರೂ ಡಬ್ಲ್ಯುಡಿ-40 ಎತ್ತಿಕೊಳ್ಳುತ್ತಾರೆ. ಅದು 1953ರಲ್ಲಿ ಸ್ಯಾನ್ ಡಿಯಾಗೋದಲ್ಲಿ ಹುಟ್ಟಿದ್ದು, ಲೋಹದಿಂದ ನೀರನ್ನು ದೂರ ಇಡಲಿಕ್ಕೆ. 40 ಅಂದರೆ ನಲವತ್ತನೇ ಪ್ರಯತ್ನದಲ್ಲಿ ಸರಿಬಂದ ಮಿಶ್ರಣ. ಇದ್ದರೆ ಹಾಕಿ, ತಪ್ಪಿಲ್ಲ. ಆದರೆ ತುಕ್ಕು ಬಿಡಿಸಲೆಂದೇ ಮಾಡಿದ ಪೆನೆಟ್ರೇಟಿಂಗ್ ಆಯಿಲ್ ಸಿಕ್ಕರೆ ಅದೇ ಮೇಲು.

ಉರುಟಾದ ತಲೆಗೆ ನಾನು ಮಾಡುವುದು ಹೀಗೆ. 11ರ 6 ಮೂಲೆ ಸಾಕೆಟ್ ತೆಗೆದುಕೊಂಡು 12ರ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆದು ಕೂರಿಸಿ. ಬಿಗಿಯಾಗಿ ಕಚ್ಚಿಕೊಳ್ಳಬೇಕು. ಹೊಡೆಯುವುದರಿಂದ ಬೋಲ್ಟಿಗೂ ಪೆಟ್ಟು ಸಿಗುತ್ತದೆ, ಎರಡು ಲಾಭ. ಹಳೆಯ ಸಾಕೆಟ್ ಉಪಯೋಗಿಸಿ, ಅದು ಆಮೇಲೆ ಕೆಲಸಕ್ಕೆ ಬಾರದೆ ಹೋಗಬಹುದು. ಕಣ್ಣಿಗೆ ಕನ್ನಡಕ ಇರಲಿ, ಸಾಕೆಟ್ ಸಿಡಿಯುವುದುಂಟು. ಆಮೇಲೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವ ದಿಕ್ಕಿಗೆ ಒತ್ತಿ, ನಂತರ ಬಿಚ್ಚುವ ದಿಕ್ಕಿಗೆ. ಬೋಲ್ಟಿನ ತಲೆಯನ್ನು ನೇರವಾಗಿ ನೋಡುವಾಗ ಎಡಕ್ಕೆ ತಿರುಗಿದರೆ ಬಿಚ್ಚುವುದು. ಹಿಂದಿನಿಂದ ನೋಡಿದರೆ ಬಲಕ್ಕೆ ಕಾಣುತ್ತದೆ.

ಕುಂದಾಪುರದ ಕಾರಿನವ

ಸ್ಟ್ಯಾಂಡ್ ತಂದೆ. ಎಣ್ಣೆ ಮೂರು ಸಲ ಆಯಿತು. ಒಂದು ಹೆದರಿಕೆ. ಹೊಡೆದು ತಲೆ ಮುರಿದೇ ಹೋದರೆ?

ಹುಬ್ಬಳ್ಳಿ ಗ್ಯಾರೇಜ್

ಮುರಿದರೂ ಕಾರು ಹಾಳಾಗುವುದಿಲ್ಲ. ಧೈರ್ಯವಾಗಿ ಮಾಡಿ. ಈ ಬೋಲ್ಟ್ ಕೂರುವುದು ಗೈಡ್ ಪಿನ್ನಿನೊಳಗೆ. ಪಿನ್ ಬಿಡಿಯಾಗಿ ಸಿಗುತ್ತದೆ, ಬೂಟ್ ಸಮೇತ. ತಲೆ ಹೋದರೆ ಕ್ಯಾಲಿಪರ್ ಮೇಲಕ್ಕೆ ಎತ್ತಲು ಬರುತ್ತದೆ. ಆಮೇಲೆ ಪಿನ್ನನ್ನು ಎಳೆದು ತೆಗೆದು ಹೊಸದು ಹಾಕಿ. ಹಳೆಯ ತುಂಡನ್ನು ಬಿಚ್ಚುವ ಅಗತ್ಯವೇ ಇಲ್ಲ.

ಅಲ್ಲಿ ಡ್ರಿಲ್ ಮಾಡಿ ಈಸಿ ಔಟ್ (ಮುರಿದ ಬೋಲ್ಟನ್ನು ಕಚ್ಚಿ ಹೊರತೆಗೆಯುವ ಉಪಕರಣ) ಹಾಕಲು ಮಾತ್ರ ಹೋಗಬೇಡಿ. ಅದು ಗಡಸು ಉಕ್ಕು. ಒಳಗೆ ಮುರಿದರೆ ಮನೆಯ ಡ್ರಿಲ್ ಬಿಟ್‌ನಿಂದ ಅದನ್ನು ಕೊರೆಯಲು ಆಗುವುದಿಲ್ಲ. ಎಂಜಿನ್ ಬ್ಲಾಕಿನಲ್ಲಿ ಹೀಗೆ ಮುರಿದುಕೊಂಡು ಬಂದವರನ್ನು ನೋಡಿದ್ದೇನೆ, ಅರ್ಧ ದಿನದ ಲೇತ್ ಕೆಲಸ.

ಕುಂದಾಪುರದ ಕಾರಿನವ

ಬಂತು! ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಜಾಗ ಮಾಡಿಕೊಂಡೆ. 11ರ ಸಾಕೆಟ್ ಪಕ್ಕದ ಮನೆಯವರು ಕೊಟ್ಟರು. ಎಂಟು ಹತ್ತು ಪೆಟ್ಟಿಗೆ ಕೂತಿತು. ಬಿಗಿ ಮಾಡುವ ಕಡೆಗೆ ಸ್ವಲ್ಪ ಒತ್ತಿ, ತಿರುಗಿ ಬಿಚ್ಚುವ ಕಡೆಗೆ ಎಳೆದಾಗ ಟಕ್ ಅಂತ ಶಬ್ದ. ಬೋಲ್ಟೇ ಮುರಿಯಿತು ಅಂದುಕೊಂಡು ಒಂದು ನಿಮಿಷ ಸುಮ್ನೆ ಕೂತೆ. ನೋಡಿದರೆ ಸಡಿಲವಾಗಿತ್ತು. ಆಮೇಲೆ ಪಿನ್ ಜೊತೆಗೇ ಸುತ್ತಲು ಶುರು. 17ರ ಸ್ಪ್ಯಾನರ್‌ನಿಂದ ಪಿನ್ ಹಿಡಿದೆ, ಬೋಲ್ಟ್ ಕೈಯಲ್ಲೇ ಬಂತು. ಸಾಕೆಟ್ ಒಳಗೆ ಸಿಕ್ಕಿಕೊಂಡದ್ದನ್ನು ಹಿಂದಿನ ಚೌಕದ ತೂತಿನಿಂದ ಪಂಚ್ ಇಟ್ಟು ಹೊಡೆದು ತೆಗೆದೆ.

ಒಂದು ವಿಷಯ ಗಮನಿಸಿದೆ. ಆ ಕಡೆಯ ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ತುಂಬಾ ಸವೆದಿದೆ. ಪಿನ್ ಎಳೆಯಲು ಕಷ್ಟವಾಯಿತು. ಒಳಗೆ ಗ್ರೀಸ್ ಒಣಗಿ ಕಪ್ಪು ಅಂಟಾಗಿದೆ.

ಹುಬ್ಬಳ್ಳಿ ಗ್ಯಾರೇಜ್

ಬಹಳ ಸಂತೋಷ ಆಯಿತು. ಬೋಲ್ಟ್ ಹಟ ಮಾಡಿದ್ದರಿಂದ ಒಂದು ಒಳ್ಳೆಯದೂ ಆಯಿತು ನೋಡಿ, ಆ ಪಿನ್ ಸಿಕ್ಕಿಕೊಂಡದ್ದು ನಿಮ್ಮ ಕಣ್ಣಿಗೆ ಬಿತ್ತು. ಪಿನ್ ಜಾರದಿದ್ದರೆ ಕ್ಯಾಲಿಪರ್ ಸರಿಯುವುದಿಲ್ಲ, ಪಿಸ್ಟನ್ ಕಡೆಯ ಪ್ಯಾಡ್ ಮಾತ್ರ ಸವೆಯುತ್ತದೆ. ಎರಡೂ ಪಿನ್ ತೆಗೆದು ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಬೇರಿಂಗ್ ಗ್ರೀಸ್ ಬೇಡ, ಅದರ ಪೆಟ್ರೋಲಿಯಂ ಎಣ್ಣೆಗೆ ಬೂಟ್ ರಬ್ಬರ್ ಉಬ್ಬುತ್ತದೆ. ಹಳೆಯ ಬೋಲ್ಟ್ ಮತ್ತೆ ಹಾಕಬೇಡಿ. ಹೊಸದು ತರುವಾಗ ಕಾರಿನ ಮಾಡೆಲ್ ಹೇಳಿ ಬ್ರೇಕ್ ಬೋಲ್ಟೇ ಕೇಳಿ, ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಬೋಲ್ಟ್ ಬೇಡ. ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್. ಅಂಕಿ ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್‌ನಲ್ಲಿದ್ದದ್ದೇ ಹಾಕಿ.

ಚಕ್ರ ಹಾಕಿ ಕಾರು ಇಳಿಸಿದ ಮೇಲೆ ಎಂಜಿನ್ ಶುರು ಮಾಡುವ ಮುಂಚೆ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತೀರಲ್ಲ, ಮೊದಲ ಒತ್ತಿಗೆ ಪೆಡಲ್ ನೆಲಕ್ಕೇ ಹೋಗುತ್ತದೆ.

ಕುಂದಾಪುರದ ಕಾರಿನವ

ಎಲ್ಲ ಹಾಗೇ ಮಾಡಿದೆ. ಇವತ್ತು ಅಮ್ಮನ ಜೊತೆ ಮಣಿಪಾಲಕ್ಕೆ ಹೋಗಿ ಬಂದೆ, ಬ್ರೇಕ್ ನೇರವಾಗಿ ಹಿಡಿಯುತ್ತಿದೆ. ಬಲಗಡೆಯ ಪಿನ್‌ಗಳನ್ನು ನಾನು ತೆಗೆದು ನೋಡಿಯೇ ಇರಲಿಲ್ಲ. ಭಾನುವಾರ ಅದನ್ನೂ ಬಿಚ್ಚುತ್ತೇನೆ. 12ರ 6 ಮೂಲೆ ಸಾಕೆಟ್ ತಂದಿಟ್ಟಿದ್ದೇನೆ.