ಟ್ರೈ-ಎಕ್ಸ್ ಬಿಟ್ಟು ಬೇರೆ ಫಿಲ್ಮ್‌ಗೆ ಹೋದವರು ಇದ್ದೀರಾ? ನಿಮ್ಮ ಅನುಭವ ಹೇಳಿ

ಪ್ರಶ್ನೆ

ಎಂಟು ವರ್ಷದಿಂದ ನನ್ನ 35 ಎಂಎಂ ಕ್ಯಾಮೆರಾಗೆ ಕೊಡಾಕ್‌ನ ಕಪ್ಪು-ಬಿಳುಪು ಫಿಲ್ಮ್ ಟ್ರೈ-ಎಕ್ಸ್ 400 ಬಿಟ್ಟು ಬೇರೆ ಫಿಲ್ಮ್ ಹಾಕಿದವನಲ್ಲ. ಮನೆಯಲ್ಲೇ ಡಿ-76 ಅನ್ನುವ ಡೆವಲಪರ್ ದ್ರಾವಣದಲ್ಲಿ ಡೆವಲಪ್ ಮಾಡುತ್ತೇನೆ. 1+1, ಅಂದರೆ ಅಷ್ಟಕ್ಕೆ ಅಷ್ಟೇ ನೀರು, ನಿದ್ದೆಗಣ್ಣಲ್ಲೂ ಕೈ ತಪ್ಪುವುದಿಲ್ಲ. ಆದರೆ ಬೆಲೆಯದ್ದೇ ತಲೆನೋವು. ಏರುತ್ತದೆ, ಒಮ್ಮೊಮ್ಮೆ ಇಳಿಯುತ್ತದೆ, ಇಳಿಯಿತು ಅನ್ನುವಷ್ಟರಲ್ಲಿ ಮತ್ತೆ ಏರುತ್ತದೆ. ತಿಂಗಳಿಗೆ ನಾಲ್ಕು ರೋಲ್ ತೆಗೆಯುತ್ತಿದ್ದವನು ಈಗ ಎರಡಕ್ಕೆ ಇಳಿದಿದ್ದೇನೆ. ಎಚ್‌ಪಿ5, ಕೆಂಟ್‌ಮಿಯರ್, ಫೋಮಾಪಾನ್ ಅಂತ ಹೆಸರು ಕೇಳಿದ್ದೇನೆ, ಬಳಸಿಲ್ಲ. ನಾನು ತೆಗೆಯುವುದು ಜಾಸ್ತಿ ಜನರನ್ನೇ, ಬೀದಿಯಲ್ಲಿ, ಮನೆಯೊಳಗೆ. ಸಂಜೆಯಾದ ಮೇಲೆ 1600ಕ್ಕೆ ಪುಶ್ ಮಾಡುವುದೂ (400ರ ಫಿಲ್ಮನ್ನು 1600 ಅಂತ ತೆಗೆದು ಹೆಚ್ಚು ಹೊತ್ತು ಡೆವಲಪ್ ಮಾಡುವುದು) ಇದೆ. ಬದಲಾಯಿಸಿದವರು ನಿಜ ಹೇಳಿ, ಬದಲಾಯಿಸಿದ್ದಕ್ಕೆ ಲಾಭ ಆಯಿತಾ?

ಅನುಭವ 1

ನಾನು ಇದೇ ಲೆಕ್ಕ ಹಾಕಲು ಹೋಗಿ ಕೈ ಸುಟ್ಟುಕೊಂಡವನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೂರು ವರ್ಷದ ಹಿಂದೆ ಟ್ರೈ-ಎಕ್ಸ್ ದುಬಾರಿಯಾಯಿತು ಅಂತ ಬಿಟ್ಟೆ. ಆಮೇಲೆ ಆ ತಿಂಗಳು ಯಾವುದು ಅಗ್ಗವೋ ಅದೇ ನನ್ನ ಫಿಲ್ಮ್. ವರ್ಷ ತುಂಬುವುದರೊಳಗೆ ಐದು ಬಗೆ ಆಯಿತು. ಕೊನೆಗೆ ನೆಗೆಟಿವ್ ಫೈಲ್ ತೆಗೆದು ನೋಡಿದರೆ ಒಂದು ಹಾಳೆಗೂ ಇನ್ನೊಂದಕ್ಕೂ ತಾಳೆ ಇಲ್ಲ. ಒಂದು ನೀರಿನಂತೆ ತೆಳು, ಇನ್ನೊಂದು ಬೆಳಕು ಹಾಯದಷ್ಟು ಕಪ್ಪು. ಹೊಸ ಫಿಲ್ಮ್ ಕೈಗೆ ಹತ್ತಬೇಕಾದರೆ ನನಗೆ ಮೂರು-ನಾಲ್ಕು ರೋಲ್ ಬೇಕು. ಐದು ಫಿಲ್ಮ್ ಅಂದರೆ ಹದಿನೈದು ರೋಲ್‌ಗೆ ಮೇಲೆ ಬರೀ ಕಲಿಯುವುದಕ್ಕೇ ಹೋಯಿತು. ಉಳಿಸಿದ್ದು ಎಷ್ಟು ಅಂತ ಕೂಡಿ ನೋಡುವ ಧೈರ್ಯ ಈಗಲೂ ಇಲ್ಲ.

ಇನ್ನೊಂದು ವಿಷಯ. ಡೆವಲಪರ್, ಫಿಕ್ಸರ್, ನೆಗೆಟಿವ್ ಹಾಳೆ, ಇವೆಲ್ಲ ಯಾವ ಫಿಲ್ಮ್ ಹಾಕಿದರೂ ಅಷ್ಟೇ ಖರ್ಚು. ಪ್ರಿಂಟ್ ಮಾಡುವವರಿಗೆ ಕಾಗದದ ಖರ್ಚು ಬೇರೆ. ಆದ್ದರಿಂದ ಫಿಲ್ಮ್ ಅರ್ಧ ಬೆಲೆಗೆ ಸಿಕ್ಕಿದರೂ ಒಟ್ಟು ಖರ್ಚು ಅರ್ಧ ಆಗುವುದಿಲ್ಲ. 36ರಲ್ಲಿ ಇಟ್ಟುಕೊಳ್ಳುವಂಥ ಚಿತ್ರ ಮೂರೋ ನಾಲ್ಕೋ, ಅಲ್ವಾ? ನಾನು ಈಗ ಒಂದು ರೋಲ್‌ಗೆ ಎಷ್ಟು ಅಂತ ಕೇಳುವುದಿಲ್ಲ, ಇಟ್ಟುಕೊಂಡ ಒಂದು ಚಿತ್ರಕ್ಕೆ ಎಷ್ಟು ಬಿತ್ತು ಅಂತ ನೋಡುತ್ತೇನೆ. ಅಪರಿಚಿತ ಫಿಲ್ಮ್‌ನಲ್ಲಿ ಮೂರು ಹೋಗಿ ಒಂದಾದರೆ ಅಗ್ಗದ ರೋಲ್ ದುಬಾರಿಯದ್ದನ್ನೂ ಮೀರಿಸುತ್ತದೆ.

ಬದಲಾಯಿಸಬೇಡಿ ಅಂತ ಹೇಳುತ್ತಿಲ್ಲ. ಬದಲಾಯಿಸುವುದಾದರೆ ಒಂದೇ ಸಲ ಮಾಡಿ. ಆಮೇಲೆ ಒಂದು ವರ್ಷ ಬೆಲೆಪಟ್ಟಿಯ ಕಡೆ ತಲೆ ಹಾಕಬೇಡಿ.

ನಿಮ್ಮ ಕೆಲಸಕ್ಕೆ ನನ್ನ ಓಟು ಎಚ್‌ಪಿ5 ಪ್ಲಸ್‌ಗೆ. ಇಲ್‌ಫರ್ಡ್ ಈ ರೂಪದಲ್ಲಿ 1989ರಿಂದ ಮಾಡುತ್ತಿದೆ. ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, ನಿಮ್ಮದರಷ್ಟೇ, 400. ಸ್ವಭಾವ ಮಾತ್ರ ಬೇರೆ. ಟ್ರೈ-ಎಕ್ಸ್‌ನಲ್ಲಿ ಕಪ್ಪು ಕಪ್ಪಾಗಿ, ಬಿಳಿ ಬಿಳಿಯಾಗಿ ಎದ್ದು ನಿಲ್ಲುತ್ತದೆ. ಎಚ್‌ಪಿ5 ಮೊದಲ ನೋಟಕ್ಕೆ ಸ್ವಲ್ಪ ಸಪ್ಪೆ. ಬೂದಿ ಬಣ್ಣ ಜಾಸ್ತಿ. ಅದನ್ನೇ ಪ್ರಿಂಟ್ ಮಾಡುವಾಗ ಕಾಂಟ್ರಾಸ್ಟ್ ಅರ್ಧ ಗ್ರೇಡ್ ಏರಿಸಿದರೆ ಮುಖದ ಚರ್ಮ ಎಷ್ಟು ಮೃದುವಾಗಿ ಬರುತ್ತದೆ ಅಂತೀರಿ! ಪುಶ್ ಮಾಡಿದಾಗಲಂತೂ ಈ ಸಪ್ಪೆತನವೇ ವರ. 1600ಕ್ಕೆ ಹೋದರೂ ಹೈಲೈಟ್ (ತೀರಾ ಬೆಳಕಿನ ಭಾಗ) ಸುಟ್ಟು ಹೋಗುವುದಿಲ್ಲ.

ನಾನು ಮಾಡಿದ ದಡ್ಡತನ ನೀವು ಮಾಡಬೇಡಿ. ಎರಡೂ 400 ತಾನೇ ಅಂತ ಟ್ರೈ-ಎಕ್ಸ್‌ನ ಸಮಯವನ್ನೇ ಇದಕ್ಕೂ ಕೊಟ್ಟೆ. ಟ್ರೈ-ಎಕ್ಸ್‌ಗೆ ಡಿ-76, 1+1ರಲ್ಲಿ 20 ಡಿಗ್ರಿಗೆ 9¾ ನಿಮಿಷ. ಎಚ್‌ಪಿ5ಗೆ ಐಡಿ-11, 1+1ರಲ್ಲಿ 13 ನಿಮಿಷ. ಐಡಿ-11 ಅಂದರೆ ಹೆಸರು ಬೇರೆ, ಡಿ-76ಗೆ ಹೆಚ್ಚೂಕಡಿಮೆ ಅದೇ. ಒಣಗಿದ ಪಟ್ಟಿಯನ್ನು ಕಿಟಕಿಗೆ ಹಿಡಿದರೆ ಚಿತ್ರ ಎಲ್ಲಿದೆ ಅಂತ ಹುಡುಕಬೇಕಿತ್ತು. ಲೈಟ್ ಮೀಟರ್ ಕೆಟ್ಟಿದೆ ಅಂತ ಎರಡು ದಿನ ಅದರ ಮೇಲೆ ಸಿಟ್ಟು. ಆಮೇಲೆ ಕಣ್ಣಿಗೆ ಬಿದ್ದದ್ದು ಅಂಚು. ರಂಧ್ರಗಳ ಪಕ್ಕ ಫಿಲ್ಮ್ ಹೆಸರು, ಫ್ರೇಮ್ ನಂಬರ್ ಇರುತ್ತದಲ್ಲ, ಆ ಅಕ್ಷರಗಳೂ ಪೆನ್ಸಿಲ್‌ನಲ್ಲಿ ಬರೆದಂತೆ ಮಸುಕು. ಅವು ಕಾರ್ಖಾನೆಯಲ್ಲೇ ಬಿದ್ದವು, ನನ್ನ ಮೀಟರ್‌ಗೂ ಅವಕ್ಕೂ ಸಂಬಂಧ ಇಲ್ಲ. ಅಕ್ಷರ ಗಟ್ಟಿಯಾಗಿದ್ದು ಚಿತ್ರ ತೆಳುವಾದರೆ ಬೆಳಕು ಸಾಲಲಿಲ್ಲ ಅಂತ. ಅಕ್ಷರವೂ ತೆಳುವಾದರೆ ಡೆವಲಪರ್‌ನಲ್ಲಿ ಬೇಗ ತೆಗೆದಿರಿ ಅಂತ. ಹೊಸ ಫಿಲ್ಮ್‌ನ ಮೊದಲ ರೋಲ್ ಒಣಗಿದಾಗ ಮೊದಲು ಅಂಚು ನೋಡಿ, ಚಿತ್ರ ಆಮೇಲೆ.

1600ಕ್ಕೆ ನಾನು ಮೈಕ್ರೋಫೆನ್ ಡೆವಲಪರ್ ನೀರು ಬೆರೆಸದೆ 11 ನಿಮಿಷ ಕೊಡುತ್ತೇನೆ. ಐಡಿ-11 ಬೆರೆಸದೆ ಆದರೆ 14.

ಅನುಭವ 2

ನಾನು ಫೋಮಾಪಾನ್ ಪಕ್ಷದವಳು. ಜೆಕ್ ದೇಶದ ಫಿಲ್ಮ್, ಸಾಮಾನ್ಯವಾಗಿ ಇವುಗಳಲ್ಲೆಲ್ಲ ಅಗ್ಗ. ಆದರೂ ನಿಮಗೆ ಬೇಡ ಅಂತಲೇ ಹೇಳುತ್ತೇನೆ. ಡಬ್ಬಿ ಮೇಲೆ 400 ಅಂತ ಇದ್ದರೂ ಹೆಚ್ಚಿನ ಡೆವಲಪರ್‌ಗಳಲ್ಲಿ ನೆರಳಿನ ವಿವರ ಬೇಕೆಂದರೆ 200, 250ಕ್ಕೆ ಇಡಬೇಕು. ನಾನು 200ಕ್ಕೇ ಇಡುತ್ತೇನೆ. ಸಂಜೆ 1600 ಬೇಕು ಅನ್ನುವವರಿಗೆ ಇಲ್ಲಿಂದ ಮೂರು ಸ್ಟಾಪ್, ಅಂದರೆ ಮೂರು ಸಲ ಎರಡರಷ್ಟು, ಏರಬೇಕು. ನೆರಳೆಲ್ಲ ಮಸಿಯಾಗುತ್ತದೆ.

ಹಗಲಿಗೆ ಮಾತ್ರ ಫೋಮಾಪಾನ್ 100 ಚಿನ್ನ. ದೀಪದ ಸುತ್ತ, ಕಿಟಕಿಯ ಅಂಚಲ್ಲಿ ಬೆಳಕು ಸ್ವಲ್ಪ ಹರಡಿಕೊಳ್ಳುತ್ತದೆ. ಕೆಲವರಿಗೆ ಅದು ದೋಷ, ನನಗೆ ಇಷ್ಟ. ಆದರೆ ಟ್ರೈಪಾಡ್ ಇಟ್ಟು ದೀರ್ಘ ಎಕ್ಸ್‌ಪೋಶರ್ ಕೊಡುವವರು ಹುಷಾರು. ಮೀಟರ್ 1 ಸೆಕೆಂಡ್ ಅಂದರೆ 2 ಕೊಡಬೇಕು. 10 ಅಂದರೆ 80! ಅದೇ ಎಚ್‌ಪಿ5ಗೆ 10 ಸೆಕೆಂಡ್ ಇದ್ದಲ್ಲಿ ಸುಮಾರು 20 ಸಾಕು. ಹೊಳೆಯ ದಡದಲ್ಲಿ 80 ಸೆಕೆಂಡ್ ಎಣಿಸುತ್ತಾ ನಿಂತು ಸೊಳ್ಳೆ ಕಚ್ಚಿಸಿಕೊಂಡಿದ್ದೇನೆ, ಅನುಭವದಿಂದ ಹೇಳುತ್ತಿದ್ದೇನೆ.

120 ಸೈಜಿನ (35 ಎಂಎಂಗಿಂತ ಅಗಲದ) ಫೋಮಾ ಮೊದಲ ಸಲ ತೊಳೆದಾಗ ಟ್ಯಾಂಕ್‌ನಿಂದ ಹಸಿರು-ನೀಲಿ ನೀರು ಬರುತ್ತದೆ. ಹೆದರಬೇಡಿ, ಅದು ಫಿಲ್ಮ್‌ನ ಬಣ್ಣ, ನಿಮ್ಮ ಚಿತ್ರ ಅಲ್ಲ.

ಅನುಭವ 3

ಬೆಲೆ ಅಂತ ಬಂದ ಮೇಲೆ ಬಲ್ಕ್ ರೋಲ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. 100 ಅಡಿ ಉದ್ದದ ಫಿಲ್ಮ್ ಡಬ್ಬಿ ತಂದು ನಾವೇ ಕತ್ತರಿಸಿ ತುಂಬಿದರೆ 36 ಫ್ರೇಮಿನ ಹದಿನೆಂಟು ರೋಲ್ ಆಗುತ್ತದೆ. ಲೋಡರ್ ಒಂದು ಬೇಕು, ಖಾಲಿ ಕ್ಯಾಸೆಟ್ ಒಂದಿಷ್ಟು ಬೇಕು. ಆದರೆ ಕಣ್ಣುಮುಚ್ಚಿ ಕೊಳ್ಳಬೇಡಿ. ಬಲ್ಕ್ ಅಂದ ಮಾತ್ರಕ್ಕೆ ಅಗ್ಗ ಅಂತ ಏನಿಲ್ಲ. ಕೆಲವು ಫಿಲ್ಮ್‌ಗಳಲ್ಲಿ ಡಬ್ಬಿಯ ಬೆಲೆಯನ್ನು ಹದಿನೆಂಟರಿಂದ ಭಾಗಿಸಿದರೆ ಬಿಡಿ ರೋಲ್‌ಗಿಂತ ಜಾಸ್ತಿಯೇ ಬರುತ್ತದೆ. ಮೊದಲು ಭಾಗಾಕಾರ, ಆಮೇಲೆ ಲೋಡರ್.

ನನ್ನ ಮೊದಲ ಡಬ್ಬಿಯ ಕಥೆ ಕೇಳಿ. ಹಳೇ ಕ್ಯಾಸೆಟ್‌ಗಳನ್ನೇ ಮತ್ತೆ ಮತ್ತೆ ತುಂಬಿದೆ. ಕ್ಯಾಸೆಟ್ ಬಾಯಲ್ಲಿ ಕಪ್ಪು ಮಖಮಲ್ ಪಟ್ಟಿ ಇರುತ್ತದೆ, ಬೆಳಕು ತಡೆಯುವುದಕ್ಕೆ. ಅದರಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡಿತ್ತು. ಸಾಸಿವೆಯ ಕಾಲು ಭಾಗವೂ ಇರಲಿಲ್ಲ. ಮೊದಲ ಫ್ರೇಮಿನಿಂದ 36ರವರೆಗೆ ದಾರ ಎಳೆದಂತೆ ನೇರ ಗೀರು. ಎಲ್ಲರ ಹಣೆಯ ಮೇಲೂ ಒಂದೇ ಜಾಗದಲ್ಲಿ! ಈಗ ಒಂದು ಕ್ಯಾಸೆಟ್‌ಗೆ ಐದು ಸಲಕ್ಕಿಂತ ಜಾಸ್ತಿ ತುಂಬುವುದಿಲ್ಲ. ಪ್ರತಿ ಸಲಕ್ಕೂ ಮುಚ್ಚಳದ ಮೇಲೆ ಮಾರ್ಕರ್‌ನಿಂದ ಒಂದು ಗೆರೆ. ಬಾಯಿಗೆ ಸೆಲೋಟೇಪ್ ಒತ್ತಿ ಧೂಳು ಎತ್ತುತ್ತೇನೆ.

ಇನ್ನೆರಡು ಮಾತು. ಫಿಲ್ಮ್‌ನ ಬಾಲವನ್ನು ಕ್ಯಾಸೆಟ್‌ನ ಸುರುಳಿಗೆ ಅಂಟಿಸುವ ಜಾಗಕ್ಕೆ ಬೆಳಕು ಬಿದ್ದಿರುತ್ತದೆ, ಕೊನೆಯ ಫ್ರೇಮ್ ನಂಬಬೇಡಿ. ಡಿಎಕ್ಸ್ ಕೋಡ್ (ಕ್ಯಾಮೆರಾಗೆ ಫಿಲ್ಮ್ ವೇಗ ತಿಳಿಸುವ ಗುರುತು) ಇಲ್ಲದ ಕ್ಯಾಸೆಟ್ ಹಾಕಿದರೆ ಎಷ್ಟೋ ಆಟೋಮ್ಯಾಟಿಕ್ ಕ್ಯಾಮೆರಾಗಳು ಅದನ್ನು 100 ಅಂದುಕೊಂಡುಬಿಡುತ್ತವೆ. ಕೈಯಲ್ಲಿ ವೇಗ ತಿರುಗಿಸುವ ಕ್ಯಾಮೆರಾ ಆದರೆ ಆ ಚಿಂತೆ ಇಲ್ಲ.

ಅನುಭವ 4

ಮೊದಲು ಬರೆದವರು ಒಂದೇ ಫಿಲ್ಮ್‌ಗೆ ಅಂಟಿಕೊಳ್ಳಿ ಅನ್ನುತ್ತಾರೆ. ಪೂರ್ತಿ ಒಪ್ಪಲಾರೆ. ನಾನು ಕೊಡಾಕ್‌ನ ಪ್ಲಸ್-ಎಕ್ಸ್‌ನವನು. ಅದೊಂದೇ ಬಳಸಿದೆ. 2011ರಲ್ಲಿ ನಿಲ್ಲಿಸಿದರು. ಮುಂದೇನು ಅಂತ ಗೊತ್ತಿಲ್ಲದೆ ಆರು ತಿಂಗಳು ಕ್ಯಾಮೆರಾ ಮುಟ್ಟಲಿಲ್ಲ. ಕೊಡಾಕ್‌ನದೇ ಟಿ-ಮ್ಯಾಕ್ಸ್ 3200 ಫಿಲ್ಮ್ 2012ರಲ್ಲಿ ಹೋಯಿತು, 2018ರಲ್ಲಿ ವಾಪಸ್ ಬಂತು. ಫ್ಯೂಜಿ ಅಕ್ರಾಸ್ ಅದೇ 2018ರಲ್ಲಿ ನಿಂತು ಮರುವರ್ಷ ಅಕ್ರಾಸ್ 2 ಆಗಿ ಬಂತು. ಬೆಲೆ ಏರಿದರೆ ಕಡಿಮೆ ತೆಗೆಯಬಹುದು. ಫಿಲ್ಮೇ ನಿಂತರೆ? ಅದಕ್ಕೆ ಎರಡು ಫಿಲ್ಮ್ ಗೊತ್ತಿರಲಿ, ಬೇರೆ ಬೇರೆ ಕಂಪನಿಯವು. ಎರಡು ಸಾಕು, ಐದು ಬೇಡ.

ಅಗ್ಗವಾದಾಗ ಕೊಂಡು ಫ್ರಿಜ್‌ನಲ್ಲಿ ಇಡುವುದು ಒಳ್ಳೆಯದೇ. 100, 125 ವೇಗದವು ತುಂಬಾ ವರ್ಷ ಬಾಳುತ್ತವೆ. 3200ರಂಥವನ್ನು ಕೂಡಿಡಬೇಡಿ, ಬೇಗ ಫಾಗ್ ಆಗುತ್ತವೆ, ಅಂದರೆ ಫಿಲ್ಮ್ ತಾನಾಗೇ ಕಪ್ಪಿಡುತ್ತದೆ. ಫ್ರಿಜ್‌ನಿಂದ ತೆಗೆದ ತಕ್ಷಣ ಡಬ್ಬಿ ಬಿಚ್ಚಬೇಡಿ. ಹೊರಗಿನ ಬಿಸಿಗೆ ಬರಲಿ, ಇಲ್ಲದಿದ್ದರೆ ಒಳಗೆ ನೀರು ಕೂರುತ್ತದೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಎಚ್‌ಪಿ5 ಕಡೆ ಮನಸ್ಸು ವಾಲಿದೆ. ಆದರೆ ಕೆಂಟ್‌ಮಿಯರ್ 400 ಅದಕ್ಕಿಂತ ಅಗ್ಗ, ಅದೇ ಕಂಪನಿಯದ್ದು ಅನ್ನುತ್ತಾರೆ. ಹಾಗಿದ್ದರೆ ಅದನ್ನೇ ಯಾಕೆ ತಗೊಳ್ಳಬಾರದು? ಮತ್ತೆ, ಟ್ರೈ-ಎಕ್ಸ್ ನಾಳೆ ಇಳಿದುಬಿಟ್ಟರೆ?

ಅನುಭವ 1, ಮತ್ತೆ

ಹೌದು, ಇಲ್‌ಫರ್ಡ್ ಫಿಲ್ಮ್ ಮಾಡುವ ಹಾರ್ಮನ್ ಕಂಪನಿಯೇ ಕೆಂಟ್‌ಮಿಯರ್ ಮಾಡುತ್ತದೆ. ಕಂಪನಿ ಒಂದೇ, ಫಿಲ್ಮ್ ಒಂದೇ ಅಲ್ಲ. ಹಗಲಲ್ಲಿ 400ಕ್ಕೆ ಇಟ್ಟು ತೆಗೆದು ಸಣ್ಣ ಪ್ರಿಂಟ್ ಮಾಡಿದರೆ ಯಾವುದು ಯಾವುದು ಅಂತ ನಾನೇ ಹೇಳಲಾರೆ. ವ್ಯತ್ಯಾಸ ಕಾಣುವುದು 1600ರಲ್ಲಿ. ಎಚ್‌ಪಿ5ರಲ್ಲಿ ಕಪ್ಪು ಕೋಟಿನ ಮಡಿಕೆ ಇನ್ನೂ ಕಾಣುತ್ತಿರುತ್ತದೆ. ಕೆಂಟ್‌ಮಿಯರ್‌ನಲ್ಲಿ ಕೋಟು ಇದೆ, ಮಡಿಕೆ ಇಲ್ಲ. ಗ್ರೇನ್ (ಚಿತ್ರದ ಕಣ) ಕೂಡ ಸ್ವಲ್ಪ ದಪ್ಪ. ನಾನೀಗ ಹಗಲಿಗೆ, ಹೊಸ ಲೆನ್ಸ್ ಪರೀಕ್ಷೆಗೆ, ಮಕ್ಕಳ ಕೈಗೆ ಕ್ಯಾಮೆರಾ ಕೊಡುವುದಕ್ಕೆ ಕೆಂಟ್‌ಮಿಯರ್ ಹಾಕುತ್ತೇನೆ. ಸಂಜೆಗೆ ಎಚ್‌ಪಿ5.

ಸುಮ್ನೆ ನನ್ನ ಮಾತು ನಂಬಬೇಡಿ. ಒಂದೊಂದು ರೋಲ್ ತಂದು ನಿಮ್ಮ ಮನೆಯ ಕಿಟಕಿ ಪಕ್ಕ ಯಾರನ್ನಾದರೂ ಕೂರಿಸಿ. ಅದೇ ಬೆಳಕು, ಅದೇ ಲೆನ್ಸ್. ಮೀಟರ್ ಹೇಳಿದಂತೆ ಒಂದು, ಒಂದು ಸ್ಟಾಪ್ ಜಾಸ್ತಿ ಒಂದು, ಒಂದು ಸ್ಟಾಪ್ ಕಡಿಮೆ ಒಂದು. ಕೂದಲಿನ ಕಪ್ಪಿನಲ್ಲಿ ಎಳೆ ಕಾಣುತ್ತದಾ ನೋಡಿ. ಉತ್ತರ ಅಲ್ಲೇ ಇರುತ್ತದೆ.

ಟ್ರೈ-ಎಕ್ಸ್ ಇಳಿಯಲೂಬಹುದು. ಫಿಲ್ಮ್‌ನಲ್ಲಿ ಬೆಳ್ಳಿ ಇದೆ, ಬೆಳ್ಳಿ ಏರಿದರೆ ಎಲ್ಲರಿಗೂ ಬಿಸಿ ತಟ್ಟುತ್ತದೆ. ಆದರೆ ಬೆಳ್ಳಿ ಒಂದೇ ಕಾರಣ ಅಲ್ಲ. ಈ ಫಿಲ್ಮ್‌ಗಳನ್ನು ಲೇಪಿಸುವ ಕಾರ್ಖಾನೆಗಳು ಬೆರಳೆಣಿಕೆಯಷ್ಟೇ. ಕೊಡಾಕ್‌ದು ಅಮೆರಿಕದ ರಾಚೆಸ್ಟರ್, ಇಲ್‌ಫರ್ಡ್‌ದು ಇಂಗ್ಲೆಂಡಿನ ಮೊಬರ್ಲಿ, ಫೋಮಾ ಜೆಕ್ ದೇಶದಲ್ಲಿ. ಒಂದೊಂದರ ದೇಶ ಬೇರೆ, ನಾಣ್ಯ ಬೇರೆ, ಸಾಗಣೆ ಬೇರೆ. ಅದಕ್ಕೇ ಎಲ್ಲವೂ ಒಟ್ಟಿಗೆ ಏರುವುದಿಲ್ಲ, ಒಟ್ಟಿಗೆ ಇಳಿಯುವುದೂ ಇಲ್ಲ. ಇವತ್ತು ಅಗ್ಗದ್ದು ನಾಳೆಯೂ ಅಗ್ಗ ಅಂತ ಯಾರೂ ಬರೆದುಕೊಟ್ಟಿಲ್ಲ. ಇಳಿದರೆ ಹತ್ತು ರೋಲ್ ತಂದು ಫ್ರಿಜ್‌ಗೆ ಹಾಕಿ. ಅನುಭವ 4ರವರು ಹೇಳಿದ ಎರಡನೇ ಫಿಲ್ಮ್ ನಿಮಗೆ ಆಗಲೇ ಇದೆಯಲ್ಲ. ಎಂಟು ವರ್ಷ ಬಳಸಿದ ಟ್ರೈ-ಎಕ್ಸ್ ಅನ್ನು ನಿಮ್ಮ ಕೈ ಮರೆಯುವುದಿಲ್ಲ.

ಕೇಳಿದವರು

ಎಚ್‌ಪಿ5 ಆರು, ಕೆಂಟ್‌ಮಿಯರ್ ಒಂದು ಹೇಳಿದ್ದೇನೆ. ಡಾರ್ಕ್‌ರೂಮ್ ಗೋಡೆಯ ಮೇಲೆ 9¾ ಅಂತ ಬರೆದಿದ್ದನ್ನು ಹಾಗೇ ಬಿಟ್ಟು, ಕೆಳಗೆ ದಪ್ಪಕ್ಷರದಲ್ಲಿ 13 ಅಂತ ಬರೆದೆ. ಟ್ರೈ-ಎಕ್ಸ್ ಮೂರು ರೋಲ್ ಉಳಿದಿವೆ. ಅವನ್ನು ಬೆಣ್ಣೆ ಡಬ್ಬಿಯ ಹಿಂದೆ ಇಟ್ಟಿದ್ದೇನೆ, ಯಾರಿಗೂ ಕಾಣದ ಹಾಗೆ.