ಫ್ರೆಂಚಿನ ಪ್ಲ್ಯು, ಲ್ಯಾಟಿನಿನ ಪ್ಲೂಸ್: ಸ್ಪೆಲ್ಲಿಂಗ್ ಒಂದೇ, ನಿಯಮ ಬೇರೆಯಾ?

ಕದ್ರಿಗುಡ್ಡೆ:
ಮಗಳು ಮಂಗಳೂರಲ್ಲಿ ಪಿಯುಸಿಗೆ ಫ್ರೆಂಚ್ ತೆಗೆದುಕೊಂಡಿದ್ದಾಳೆ. ಪಿ-ಎಲ್-ಯು-ಎಸ್ ಅಂತ ಬರೆಯುವ ಪದಕ್ಕೆ ಒಂದು ಕಡೆ ‘ಹೆಚ್ಚು’ ಅಂತ ಅರ್ಥ, ಇನ್ನೊಂದು ಕಡೆ ‘ಇನ್ನಿಲ್ಲ’ ಅಂತ. ಆಡಿಯೋದಲ್ಲಿ ಕೊನೆಯ ಎಸ್ ಕೆಲವೊಮ್ಮೆ ಕೇಳುತ್ತದೆ, ಕೆಲವೊಮ್ಮೆ ಇಲ್ಲ. ಮನೆಯಲ್ಲಿರುವ ಲ್ಯಾಟಿನ್ ವ್ಯಾಕರಣದಲ್ಲೂ ಇದೇ ಪದ ಉಂಟು, ಆದರೆ ಅಲ್ಲಿ ಅದು ಪ್ಲೂರಿಸ್, ಪ್ಲೂರೆಸ್ ಅಂತೆಲ್ಲ ಬದಲಾಗುತ್ತದೆ. ಎರಡನ್ನೂ ಹೇಗೆ ಹಿಡಿಯುವುದು?

ಬಿಜೈ ಬಸ್‌ಸ್ಟಾಪ್:
ಮೊದಲು ಇಂಗ್ಲಿಷಿನ ‘ಪ್ಲಸ್’ ಮರೆಯಲಿ. ‘ಊ’ ಹೇಳುವ ಹಾಗೆ ತುಟಿ ಮುಂದೆ ಚಾಚಿ, ಅದನ್ನು ಅಲ್ಲಾಡಿಸದೆ ‘ಈ’ ಹೇಳಬೇಕು. ಫ್ರೆಂಚಿನ ಸ್ವರ ಅದು. ಕನ್ನಡ ಲಿಪಿಯಲ್ಲಿ ‘ಪ್ಲ್ಯು’ ಅಂತ ಬರೆಯುತ್ತೇನೆ, ಪೂರಾ ಸರಿಯಲ್ಲ.

ಇನ್ನು ಎಸ್. ನಿರಾಕರಣೆಯಾದರೆ ಎಸ್ ಮೌನ: ‘ಇಲ್ ನ್ಯಾ ಪ್ಲ್ಯು ದ ರಿ’, ಅನ್ನ ಮುಗಿದಿದೆ. ಹೆಚ್ಚು ಬೇಕಾದರೆ ‘ಪ್ಲ್ಯುಸ್ ದ ರಿ’. ಇಲ್ಲಿ ಎಸ್ ಬಿಟ್ಟು ಹೇಳುವವರೂ ಇದ್ದಾರೆ, ಆದರೆ ಮಾತಿನಲ್ಲಿ ನಿರಾಕರಣೆಯ ‘ನ’ ಹಾರಿಹೋಗುವುದೇ ಹೆಚ್ಚು. ಆಗ ಎರಡು ಅರ್ಥ ಬೇರೆ ಮಾಡಲಿಕ್ಕೆ ಉಳಿಯುವುದು ಈ ಎಸ್ ಒಂದೇ, ಹಾಗಾಗಿ ಉಚ್ಚರಿಸುವುದು ಸೇಫ್. ವಾಕ್ಯದ ಕೊನೆಯಲ್ಲೂ ಹಾಗೆಯೇ: ‘ಝ ತ್ರವಾಯ್ ಪ್ಲ್ಯುಸ್’ ಅಂದರೆ ಹೆಚ್ಚು ಕೆಲಸ ಮಾಡುತ್ತೇನೆ, ‘ಪ್ಲ್ಯು’ ಅಂದರೆ ಕೆಲಸ ಬಿಟ್ಟಿದ್ದೇನೆ. ಲೆಕ್ಕದ ಕೂಡಿಸುವಿಕೆಗೆ ಯಾವಾಗಲೂ ‘ಪ್ಲ್ಯುಸ್’.

ವಿಶೇಷಣದ ಮುಂದೆ ಬಂದರೆ ಬೇರೆ ಆಟ. ವ್ಯಂಜನ ಇದ್ದರೆ ಎಸ್ ಇಲ್ಲ: ‘ಪ್ಲ್ಯು ಗ್ರಾಂ’ (ಹೆಚ್ಚು ದೊಡ್ಡ). ಸ್ವರ ಇದ್ದರೆ ಅದು ‘ಝ್’ ಆಗಿ ಮುಂದಿನ ಪದಕ್ಕೆ ಅಂಟುತ್ತದೆ: ‘ಪ್ಲ್ಯುಝೆಲ್ವೆ’. ಎಚ್‌ನಿಂದ ಶುರುವಾಗುವ ಪದಗಳಲ್ಲಿ ಎಡವುವುದು ಜಾಸ್ತಿ. ಎಚ್ ಎಲ್ಲೂ ಕೇಳುವುದಿಲ್ಲ, ಆದರೂ ‘ಸಂತೋಷದ’ ಎನ್ನುವ ಪದಕ್ಕೆ ‘ಪ್ಲ್ಯುಝೆರೋ’, ‘ಎತ್ತರದ’ ಎನ್ನುವುದಕ್ಕೆ ‘ಪ್ಲ್ಯು ಓ’, ಝ್ ಇಲ್ಲದೆ. ಯಾವ ಎಚ್ ಯಾವ ಜಾತಿ ಎಂದು ನಿಘಂಟು ನೋಡಿಯೇ ಕಲಿಯಬೇಕು. ಹೆಚ್ಚಿನ ಫ್ರೆಂಚ್ ನಿಘಂಟುಗಳಲ್ಲಿ ಅದಕ್ಕೊಂದು ಗುರುತು ಇರುತ್ತದೆ.

‘ದ ಪ್ಲ್ಯುಝಾಂ ಪ್ಲ್ಯುಸ್’ (ಹೆಚ್ಚು ಹೆಚ್ಚಾಗಿ) ದಿನಾ ಹೇಳಿಸಿ. ಝ್ ಮತ್ತು ಸ್ ಎರಡೂ ಅದರಲ್ಲೇ ಉಂಟು.

ಜೆಪ್ಪು ಓದುಗ:
ಲ್ಯಾಟಿನಿನಲ್ಲಿ ಉಚ್ಚಾರದ ತಲೆನೋವಿಲ್ಲ, ವಿಭಕ್ತಿಯದು ಉಂಟು. ಏಕವಚನದಲ್ಲಿ ‘ಪ್ಲೂಸ್’ ವಿಶೇಷಣವೇ ಅಲ್ಲ, ನಪುಂಸಕ ನಾಮಪದ. ಹಾಗಾಗಿ ಅದರ ಜೊತೆಯ ಪದ ಷಷ್ಠಿಗೆ ಹೋಗುತ್ತದೆ: ‘ಪ್ಲೂಸ್ ಆಕ್ವೈ’, ಹೆಚ್ಚು ನೀರು. (ಚರ್ಚಿನ ಉಚ್ಚಾರದಲ್ಲಿ ‘ಆಕ್ವೆ’.) ಫ್ರೆಂಚಿನಲ್ಲಿ ‘ಪ್ಲ್ಯುಸ್’ ಆದಮೇಲೆ ಬರುವ ‘ದ’ ಮಾಡುವುದು ಈ ಷಷ್ಠಿಯ ಕೆಲಸವನ್ನೇ.

ಎಣಿಸುವ ವಸ್ತುವಾದರೆ ಬಹುವಚನ, ಅಲ್ಲಿ ಅದು ವಿಶೇಷಣ: ‘ಪ್ಲೂರೆಸ್’, ನಪುಂಸಕಕ್ಕೆ ‘ಪ್ಲೂರ’. ಷಷ್ಠಿ ‘ಪ್ಲೂರಿಯುಮ್’. ಬೇರೆ ತಾರತಮ್ಯ ರೂಪಗಳು (‘ಹೆಚ್ಚು ಎತ್ತರದ’ ಥರದವು) ‘ಆಲ್ತಿಯೋರುಮ್’ ಥರ ಬರಿ ‘ಉಮ್’ ತೆಗೆದುಕೊಳ್ಳುತ್ತವೆ, ಇದು ಮಾತ್ರ ‘ಇಯುಮ್’. ಪರೀಕ್ಷೆಯಲ್ಲಿ ಇಲ್ಲೇ ಅಂಕ ಹೋಗುವುದು. ಚತುರ್ಥಿ, ಪಂಚಮಿಗೆ ‘ಪ್ಲೂರಿಬುಸ್’; 1782ರಲ್ಲಿ ಅಂಗೀಕಾರವಾದ ಅಮೆರಿಕದ ರಾಷ್ಟ್ರಮುದ್ರೆಯ ‘ಎ ಪ್ಲೂರಿಬುಸ್ ಊನುಮ್’ನಲ್ಲಿ ಇರುವುದು ಇದೇ. ಏಕವಚನಕ್ಕೆ ಚತುರ್ಥಿಯೇ ಇಲ್ಲ.

ಏಕವಚನದ ಷಷ್ಠಿ ‘ಪ್ಲೂರಿಸ್’ ಬೆಲೆ ಹೇಳಲಿಕ್ಕೆ. ‘ಪಿಸ್ಕೆಮ್ ಪ್ಲೂರಿಸ್ ಏಮಿತ್’: ಮೀನನ್ನು ಹೆಚ್ಚು ಬೆಲೆಗೆ ಕೊಂಡ. ಬೆಲೆ ಇಷ್ಟೇ ಅಂತ ಹೇಳಿದರೆ ಪಂಚಮಿ, ಬರಿ ಹೆಚ್ಚು ಅಂದರೆ ಷಷ್ಠಿ.

ಕದ್ರಿಗುಡ್ಡೆ:
ಹಾಗಾದರೆ ‘ಹೆಚ್ಚು ಎತ್ತರ’ ಎನ್ನಲಿಕ್ಕೂ ಲ್ಯಾಟಿನಿನಲ್ಲಿ ‘ಪ್ಲೂಸ್’ ಹಾಕಬಹುದಾ?

ಜೆಪ್ಪು ಓದುಗ:
ಶಾಸ್ತ್ರೀಯ ಲ್ಯಾಟಿನಿನಲ್ಲಿ ಬೇಡ ಮಾರಾಯ್ರೆ. ಅಲ್ಲಿ ಪದವೇ ಬದಲಾಗುತ್ತದೆ: ‘ಆಲ್ತುಸ್’ ಹೋಗಿ ‘ಆಲ್ತಿಯೊರ್’. ‘ಇದೋನೆಯುಸ್’ (ತಕ್ಕ) ಹಾಗೆ ‘ಉಸ್’ಗೆ ಮೊದಲು ಸ್ವರ ಇದ್ದರೆ ‘ಮಗಿಸ್’ ಸೇರಿಸುತ್ತಾರೆ. ಆಮೇಲೆ ಸ್ಪ್ಯಾನಿಷ್ ಆ ‘ಮಗಿಸ್’ ಅನ್ನೇ ‘ಮಾಸ್’ ಮಾಡಿ ‘ಹೆಚ್ಚು’ ಎನ್ನಲು ಇಟ್ಟುಕೊಂಡಿತು. ಫ್ರೆಂಚ್ ‘ಪ್ಲೂಸ್’ ಹಿಡಿದು, ‘ಮಗಿಸ್’ನಿಂದ ‘ಆದರೆ’ ಎನ್ನುವ ‘ಮೆ’ ಮಾಡಿಕೊಂಡಿತು.

ನಮಗೆ ಲ್ಯಾಟಿನ್ ಹತ್ತಿರ. ‘ಪೆತ್ರುಸ್ ಪೌಲೋ ಆಲ್ತಿಯೊರ್ ಎಸ್ತ್’: ಪೇತ್ರ ಪೌಲನಿಗಿಂತ ಎತ್ತರ. ‘ಪೌಲೋ’ದ ಪಂಚಮಿ ನಮ್ಮ ‘ಗಿಂತ’ದ ಜಾಗದಲ್ಲಿ ಕೂತಿದೆ.

ಬಿಜೈ ಬಸ್‌ಸ್ಟಾಪ್:
ಕನ್ನಡದವರು ಫ್ರೆಂಚ್ ಬರೆಯುವಾಗ ತಪ್ಪುವುದೂ ಆ ‘ಗಿಂತ’ದಿಂದಲೇ. ‘ಗಿಂತ’ಕ್ಕೆ ‘ಕ’ ಹಾಕಿ ‘ಪ್ಲ್ಯು’ ಬಿಡುತ್ತಾರೆ. ಎರಡೂ ಬೇಕು: ‘ಪಿಯೆರ್ ಎ ಪ್ಲ್ಯು ಗ್ರಾಂ ಕ ಪೋಲ್’. ಸಂಖ್ಯೆ ಬಂದರೆ ಮಾತ್ರ ‘ಕ’ ಅಲ್ಲ, ‘ದ’: ‘ಪ್ಲ್ಯು ದ ಮಿಲ್’, ಸಾವಿರಕ್ಕಿಂತ ಹೆಚ್ಚು. ‘ಹೆಚ್ಚು ಒಳ್ಳೆಯ’ ಎನ್ನಲಿಕ್ಕೆ ‘ಪ್ಲ್ಯು ಬೋಂ’ ಅಂತ ಬರೆಯಬಾರದು, ‘ಮೆಯ್ಯರ್’ ಉಂಟು.

ಡಿಕ್ಟೇಷನ್‌ಗೆ ಒಂದು: ‘ನಮ್ಮಲ್ಲಿ ಉಂಟು’, ‘ನಮ್ಮಲ್ಲಿ ಇಲ್ಲ’ ಎರಡೂ ಕಿವಿಗೆ ‘ಓನ’ ಅಂತಲೇ ಬೀಳುತ್ತವೆ. ಮುಂದೆ ‘ಪ್ಲ್ಯುಸ್’ ಕೇಳಿದರೆ ‘ನಾವು’ ಎನ್ನುವ ‘ಓಂ’ ಆದಮೇಲೆ ನೇರ ಎ ಬರೆಯಲಿ. ಎಸ್ ಕೇಳದೆ, ಸಂದರ್ಭವೂ ‘ಇಲ್ಲ’ ಎನ್ನುತ್ತಿದ್ದರೆ ಮಧ್ಯೆ ಎನ್ ಹಾಕಿ ಅಪಾಸ್ಟ್ರಫಿ ಕೊಡಲಿ. ಆ ಎನ್ ಬಿಟ್ಟರೆ ವಾಕ್ಯದ ಅರ್ಥ ತಿರುಗುತ್ತದೆ, ಅಂಕವೂ ಹೋಗುತ್ತದೆ.